ಲಸಿಕೆಯ ದಿನ ಮಗಳು ಶಾಲೆಗೆ ಹೋಗಿರಲಿಲ್ಲ, ಈಗ ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ ಈಗ 14 ವರ್ಷ. ಹೋದ ವರ್ಷ ಅವಳ ಶಾಲೆಯಲ್ಲಿ ಎಚ್‌ಪಿವಿ ಲಸಿಕೆ ಹಾಕಿದರು. ಆ ದಿನ ಅವಳಿಗೆ ಜ್ವರ ಬಂದು ಮನೆಯಲ್ಲೇ ಇದ್ದಳು. ಆಮೇಲೆ ಯಾರೂ ಕೇಳಲಿಲ್ಲ, ನಾವೂ ಮರೆತುಬಿಟ್ಟೆವು. ಮೊನ್ನೆ ಅವಳ ಹಳೇ ಬ್ಯಾಗ್ ಖಾಲಿ ಮಾಡುವಾಗ ಸಹಿ ಹಾಕದ ಒಪ್ಪಿಗೆ ಪತ್ರ ಸಿಕ್ಕಿತು. ಈಗ ತಡವಾಯಿತೇ? ಅವಳ ಅಣ್ಣನಿಗೆ 16. ಹುಡುಗರಿಗೂ ಈ ಲಸಿಕೆ ಬೇಕೇ? ನನ್ನ ಅಕ್ಕನ ಮಗಳಿಗೆ 19. ಅವಳು ಮೂರು ವರ್ಷದ ಹಿಂದೆ ಒಂದು ಡೋಸ್ ತೆಗೆದುಕೊಂಡು ಎರಡನೆಯದಕ್ಕೆ ಹೋಗಲೇ ಇಲ್ಲ. ಅವಳು ಮೊದಲಿಂದ ಶುರು ಮಾಡಬೇಕೇ? ಇಷ್ಟು ಚಿಕ್ಕ ವಯಸ್ಸಿಗೆ ಇದೆಲ್ಲ ಯಾಕೆ, ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಂತೆ ಅಂತ ಮನೆಯ ಹಿರಿಯರು ಬೇರೆ ಹೇಳುತ್ತಿದ್ದಾರೆ.

ಉತ್ತರ: ತಡವಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದಿ.

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ತಡೆಯುವ ಈ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ ಮುಖ್ಯ ವಯಸ್ಸು ಅಂತ ಹೇಳಿರುವುದು 9ರಿಂದ 14. ನಿಮ್ಮ ಮಗಳು ಇನ್ನೂ ಆ ಲೆಕ್ಕದ ಒಳಗೇ ಇದ್ದಾಳೆ, ಆದರೆ ಅಂಚಿನಲ್ಲಿದ್ದಾಳೆ. 15 ತುಂಬಿದ ಮೇಲೂ ಲಸಿಕೆ ಕೆಲಸ ಮಾಡುತ್ತದೆ. ಆದರೆ ಹಲವು ಕಡೆ ಆ ವಯಸ್ಸು ದಾಟಿದರೆ ಡೋಸ್‌ಗಳ ಲೆಕ್ಕ ಬದಲಾಗುತ್ತದೆ. ಕೆಲವು ಕಡೆ ಉಚಿತವಾಗಿ ಸಿಗುವ ಅವಕಾಶವೂ ಮುಗಿದುಹೋಗುತ್ತದೆ. ಹಾಗಾಗಿ ಈ ವಾರವೇ ಶಾಲೆಗೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. "ಮಗಳ ಎಚ್‌ಪಿವಿ ಲಸಿಕೆ ತಪ್ಪಿಹೋಗಿದೆ, ಯಾವತ್ತು ಕರೆದುಕೊಂಡು ಬರಲಿ?" ಅಂತಲೇ ಕೇಳಿ. "ಹಾಕಿಸಿದರೆ ಒಳ್ಳೆಯದಾ?" ಅಂತ ಕೇಳಿದರೆ "ಹೌದು, ಒಳ್ಳೆಯದು" ಅಂತ ಉತ್ತರ ಬರುತ್ತದೆ, ನೀವು ಮನೆಗೆ ಬರುತ್ತೀರಿ. ತಾರೀಖು ಕೇಳಿದರೆ ತಾರೀಖು ಸಿಗುತ್ತದೆ.

ಆ ಪತ್ರ ಸಿಕ್ಕಿದ್ದಕ್ಕೆ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಈ ಲಸಿಕೆ ತಪ್ಪಿಸಿಕೊಂಡವರು ಹೆಚ್ಚಿನಂಶ ಹೀಗೇ ತಪ್ಪಿಸಿಕೊಂಡಿರುತ್ತಾರೆ. ಅಪ್ಪ ಅಮ್ಮ ಯೋಚನೆ ಮಾಡಿ, ಬೇಡ ಅಂತ ತೀರ್ಮಾನಿಸಿ ಬಿಟ್ಟಿರುವುದು ಕಡಿಮೆ. ಆ ದಿನ ಮಗುವಿಗೆ ಹುಷಾರಿರಲಿಲ್ಲ. ಪತ್ರ ಗಣಿತದ ನೋಟ್‌ಬುಕ್ಕಿನ ನಡುವೆ ಉಳಿಯಿತು. ಆ ವರ್ಷವೇ ಊರು ಬದಲಾಯಿತು, ಹೊಸ ಶಾಲೆಯಲ್ಲಿ ಲಸಿಕೆ ಹಾಕಿ ಆಗಿತ್ತು. ಪರೀಕ್ಷೆ ಮುಗಿಯಲಿ ಅಂತ ಮುಂದೂಡಿದರು, ಪರೀಕ್ಷೆಯ ನಂತರ ರಜೆ ಬಂತು. ಎಲ್ಲ ಸಣ್ಣ ಸಣ್ಣ ಕಾರಣಗಳೇ.

ಕೈಗೂಸಿನ ಲಸಿಕೆಗಳು ಹೀಗೆ ತಪ್ಪುವುದು ಕಡಿಮೆ. ಆಗ ತೂಕ ನೋಡುವುದಕ್ಕೆ, ಕೆಮ್ಮು ನೆಗಡಿಗೆ ಅಂತ ತಿಂಗಳು ತಿಂಗಳು ಯಾರಾದರೂ ಮಗುವನ್ನು ನೋಡುತ್ತಲೇ ಇರುತ್ತಾರೆ. ಕಾರ್ಡ್ ನೋಡಿ, "ಇದೊಂದು ಬಾಕಿ ಇದೆಯಲ್ಲ" ಅಂತ ಅವರೇ ಹೇಳುತ್ತಾರೆ. 12, 13ರ ಮಗು ಡಾಕ್ಟರ ಮುಖ ನೋಡುವುದೇ ಅಪರೂಪ. ಗಟ್ಟಿಮುಟ್ಟಾಗಿ ಓಡಾಡುವ ವಯಸ್ಸು ಅದು. ಆ ವಯಸ್ಸಿನಲ್ಲಿ ಅವರನ್ನು ದಿನಾ ನೋಡುವ ಜಾಗ ಅಂದರೆ ಶಾಲೆ ಒಂದೇ. ಅಲ್ಲಿ ಆ ಒಂದು ದಿನ ತಪ್ಪಿದರೆ ಮತ್ತೆ ನೆನಪಿಸುವವರು ಇರುವುದಿಲ್ಲ.

ಇದಕ್ಕೆ ಭೂತಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆ ಪುಟ್ಟ ದೇಶ 2010ರಲ್ಲೇ ದೇಶದ ಎಲ್ಲ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕುವುದಕ್ಕೆ ಶುರು ಮಾಡಿತು. ಮೊದಲ ವರ್ಷ ಶಾಲೆಗಳಲ್ಲೇ ಹಾಕಿದರು, ಹೆಚ್ಚುಕಡಿಮೆ ಎಲ್ಲರಿಗೂ ಸಿಕ್ಕಿತು. ಮುಂದಿನ ಕೆಲವು ವರ್ಷ ಆರೋಗ್ಯ ಕೇಂದ್ರಕ್ಕೆ ಬಂದು ಹಾಕಿಸಿಕೊಳ್ಳಿ ಅಂತ ಮಾಡಿದರು. ಪ್ರಮಾಣ ಶೇ 70ರ ಆಸುಪಾಸಿಗೆ ಇಳಿಯಿತು. 2014ರಿಂದ ಮತ್ತೆ ಶಾಲೆಗೇ ತಂದರು, ಮತ್ತೆ ಶೇ 90ರ ಹತ್ತಿರಕ್ಕೆ ಹೋಯಿತು. ಅದೇ ಜನ, ಅದೇ ಲಸಿಕೆ. ಬದಲಾಗಿದ್ದು ಲಸಿಕೆ ಹಾಕುವ ಜಾಗ ಮಾತ್ರ. ಹತ್ತರಲ್ಲಿ ಎರಡು ಮೂರು ಮಕ್ಕಳು ಬರೀ ಓಡಾಟದ ಕಾರಣಕ್ಕೆ ತಪ್ಪಿಹೋದರು. ಕೋವಿಡ್ ಕಾಲದಲ್ಲಿ ಶಾಲೆಗಳೇ ಮುಚ್ಚಿದಾಗ ಎಷ್ಟೋ ದೇಶಗಳಲ್ಲಿ ಇದೇ ಆಯಿತು. ಆ ಒಂದೆರಡು ತರಗತಿಯ ಮಕ್ಕಳು ಈಗ ಹದಿಹರೆಯದ ಕೊನೆಯಲ್ಲಿದ್ದಾರೆ, ಹಲವರು ತಮಗೆ ಲಸಿಕೆ ಆಗಿಲ್ಲ ಅನ್ನುವುದನ್ನೇ ಮರೆತಿದ್ದಾರೆ.

ಈಗ ನಿಮ್ಮ ಮನೆಯ ಹಿರಿಯರ ಪ್ರಶ್ನೆಗೆ ಬರೋಣ. ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ? ಸುಮ್ನೆ ಕೇಳುವ ಪ್ರಶ್ನೆ ಅಲ್ಲ ಇದು, ಸರಿಯಾದ ಉತ್ತರ ಕೊಡಬೇಕು.

ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದರಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಹೆಚ್ಚಿನವು ನಿರುಪದ್ರವಿ. ಕೈಕಾಲಿನ ಮೇಲೆ ನರಹುಲಿ ಏಳುತ್ತದಲ್ಲ, ಅದೂ ಇದೇ ಕುಟುಂಬದ ಕೆಲಸ. ಆದರೆ ಹನ್ನೆರಡು ಹದಿನಾಲ್ಕು ಬಗೆಗಳು ಕ್ಯಾನ್ಸರ್ ತರಬಲ್ಲವು. ಅದರಲ್ಲೂ 16 ಮತ್ತು 18 ಅನ್ನುವ ಎರಡೇ ಬಗೆಗಳು ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ಕ್ಕೆ ಕಾರಣ. 1980ರ ದಶಕದಲ್ಲಿ ಇದನ್ನು ಪತ್ತೆ ಮಾಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿತು. ಈ ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ, ಅದರಲ್ಲೂ ಚರ್ಮಕ್ಕೆ ಚರ್ಮ ತಾಗುವುದರಿಂದ. ಹಾಗಾಗಿ ಕಾಂಡೋಮ್ ಕೂಡ ಪೂರ್ತಿ ತಡೆಯುವುದಿಲ್ಲ. ಲೈಂಗಿಕ ಜೀವನ ಶುರು ಮಾಡಿದ ಬಹುಪಾಲು ಜನರಿಗೆ, ಹೆಂಗಸಾಗಲಿ ಗಂಡಸಾಗಲಿ, ಬದುಕಿನಲ್ಲಿ ಒಮ್ಮೆಯಾದರೂ ಇದು ತಗಲುತ್ತದೆ. ನಡತೆಗೂ ಇದಕ್ಕೂ ಸಂಬಂಧ ಕಟ್ಟಬೇಕಾಗಿಲ್ಲ. ಒಬ್ಬರೇ ಸಂಗಾತಿ ಇದ್ದರೂ ಬರಬಹುದು.

ತಗಲಿದ ಹತ್ತರಲ್ಲಿ ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಒಂದು ಲಕ್ಷಣವೂ ಇರುವುದಿಲ್ಲ. ಹೋಗದೆ ಉಳಿದದ್ದೇ ಅಪಾಯ. ಅದು ಗರ್ಭಕಂಠದ ಜೀವಕೋಶಗಳಲ್ಲಿ ಬೇರೂರಿ, 15ರಿಂದ 20 ವರ್ಷ ಸದ್ದಿಲ್ಲದೆ ಬದಲಾವಣೆ ತಂದು, ಕೊನೆಗೆ ಕ್ಯಾನ್ಸರ್ ಆಗಿ ಹೊರಗೆ ಬರುತ್ತದೆ. ಆಗ ಆ ಹೆಂಗಸಿಗೆ ನಲವತ್ತರ ಆಸುಪಾಸು, ಮನೆಯಲ್ಲಿ ಓದುವ ಮಕ್ಕಳು ಇರುತ್ತಾರೆ. 2022ರ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 6.6 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 3.5 ಲಕ್ಷ ಜನ ತೀರಿಕೊಂಡರು.

ಲಸಿಕೆ ಮಾಡುವುದು ತಡೆಯುವ ಕೆಲಸ ಮಾತ್ರ. ಒಳಗೆ ಬಂದು ಕೂತ ಸೋಂಕನ್ನು ಅದು ಓಡಿಸುವುದಿಲ್ಲ. ಮಳೆ ಹಿಡಿಯುವ ಮುಂಚೆ ಮನೆಯ ಮಾಡು ರಿಪೇರಿ ಮಾಡಿಸುವ ಹಾಗೆ, ವೈರಸ್ ತಗಲುವ ಸಾಧ್ಯತೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ಇದು ಆಗಿರಬೇಕು. ಇನ್ನೊಂದು ಕಾರಣವೂ ಇದೆ. 9ರಿಂದ 14ರ ವಯಸ್ಸಿನಲ್ಲಿ ಈ ಲಸಿಕೆಗೆ ದೇಹ ಕೊಡುವ ಪ್ರತಿಕ್ರಿಯೆ ದೊಡ್ಡವರಿಗಿಂತ ಜೋರಾಗಿರುತ್ತದೆ, ರೋಗನಿರೋಧಕ ಕಣಗಳು ಜಾಸ್ತಿ ಹುಟ್ಟುತ್ತವೆ.

ವಯಸ್ಸು ಎಷ್ಟು ಮುಖ್ಯ ಅನ್ನುವುದನ್ನು ಇಂಗ್ಲೆಂಡಿನ ಲೆಕ್ಕ ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ 2008ರಲ್ಲಿ ಕಾರ್ಯಕ್ರಮ ಶುರುವಾದಾಗ ಬೇರೆ ಬೇರೆ ವಯಸ್ಸಿನ ಹುಡುಗಿಯರಿಗೆ ಒಟ್ಟಿಗೆ ಲಸಿಕೆ ಕೊಟ್ಟರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. 12-13ನೇ ವಯಸ್ಸಿನಲ್ಲಿ ಲಸಿಕೆ ಸಿಕ್ಕ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಕಡಿಮೆಯಾಗಿತ್ತು. 14ರಿಂದ 16ರಲ್ಲಿ ಸಿಕ್ಕವರಲ್ಲಿ ಶೇ 62. 16ರಿಂದ 18ರಲ್ಲಿ ಶೇ 34. ಈ ಮೂರು ಅಂಕಿಗಳನ್ನು ಹಿರಿಯರ ಮುಂದೆ ಇಡಿ. "ದೊಡ್ಡವಳಾಗಲಿ, ನೋಡೋಣ" ಅನ್ನುವ ಮಾತಿಗೆ ಇದಕ್ಕಿಂತ ಉತ್ತರ ಬೇಕಾಗಿಲ್ಲ. ಹಾಗೇ ಇನ್ನೊಂದು ಬದಿಯನ್ನೂ ಗಮನಿಸಿ. 17ರಲ್ಲಿ ಹಾಕಿಸಿಕೊಂಡರೂ ಲಾಭ ಇದ್ದೇ ಇದೆ, ಪ್ರಮಾಣ ಕಡಿಮೆ ಅಷ್ಟೇ. ಸ್ಕಾಟ್ಲೆಂಡಿನಲ್ಲಿ 12 ಅಥವಾ 13ನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹೆಂಗಸರಲ್ಲಿ ಹರಡುವ ಹಂತದ ಗರ್ಭಕಂಠದ ಕ್ಯಾನ್ಸರ್ ಒಂದೂ ಕಂಡಿಲ್ಲ ಅಂತ 2024ರಲ್ಲಿ ವರದಿಯಾಯಿತು. ಒಂದೂ ಇಲ್ಲ! ನಾನು ಓದುತ್ತಿದ್ದ ಕಾಲದಲ್ಲಿ ಹೀಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

"ಇದನ್ನು ಹಾಕಿಸಿದರೆ ಮಕ್ಕಳಿಗೆ ದಾರಿ ತಪ್ಪುವುದಕ್ಕೆ ಲೈಸೆನ್ಸ್ ಕೊಟ್ಟ ಹಾಗೆ" ಅನ್ನುವ ಅಂಜಿಕೆ ಹಲವರ ಮನಸ್ಸಿನಲ್ಲಿ ಇರುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ. ಇದನ್ನೂ ಬೇರೆ ಬೇರೆ ದೇಶಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಲಸಿಕೆ ಪಡೆದವರು, ಪಡೆಯದವರು, ಇಬ್ಬರ ನಡವಳಿಕೆಯಲ್ಲೂ ಅಂಥ ವ್ಯತ್ಯಾಸ ಕಂಡಿಲ್ಲ. 13ರ ಹುಡುಗಿಗೆ ಇದು ತೋಳಿಗೆ ಚುಚ್ಚುವ ಇನ್ನೊಂದು ಇಂಜೆಕ್ಷನ್, ಅಷ್ಟೇ. ದೊಡ್ಡವರ ತಲೆಯಲ್ಲಿ ಓಡುವ ಯೋಚನೆ ಅವಳ ತಲೆಯಲ್ಲಿ ಇರುವುದಿಲ್ಲ.

ಮಕ್ಕಳಾಗುವುದಿಲ್ಲ ಅನ್ನುವ ಭಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಲಸಿಕೆ ತಪ್ಪಿಸುವ ಮಾತುಗಳಲ್ಲಿ ಇದರಷ್ಟು ಬಲವಾದದ್ದು ಇನ್ನೊಂದಿಲ್ಲ.

ಮೊದಲು ಆ ಸೀಸೆಯೊಳಗೆ ಏನಿದೆ ನೋಡಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ 1990ರ ದಶಕದ ಶುರುವಿನಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ವೈರಸ್ಸಿನ ಹೊರಕವಚದ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರೆ, ಅವು ತಾವಾಗಿಯೇ ಒಂದಕ್ಕೊಂದು ಸೇರಿ ಟೊಳ್ಳು ಚೆಂಡಿನ ಆಕಾರಕ್ಕೆ ಬರುತ್ತವೆ. ಹೊರಗಿನಿಂದ ನೋಡಿದರೆ ಅಚ್ಚು ವೈರಸ್ಸೇ. 360 ಪ್ರೋಟೀನ್ ತುಣುಕುಗಳು, ಐದೈದರ ಗೊಂಚಲಾಗಿ ಜೋಡಿಸಿಕೊಂಡಿರುತ್ತವೆ. ಒಳಗೆ ಮಾತ್ರ ಖಾಲಿ. ವೈರಸ್ಸಿನ ವಂಶವಾಹಿ ಇಲ್ಲ, ಹಾಗಾಗಿ ಅದು ಬೆಳೆಯಲಾರದು, ಸೋಂಕು ತರಲಾರದು, ಕ್ಯಾನ್ಸರ್ ಅಂತೂ ತರಲು ಸಾಧ್ಯವೇ ಇಲ್ಲ. ನಮ್ಮ ದೇಹ ಈ ಖಾಲಿ ಕವಚ ನೋಡಿ ವೈರಸ್ ಬಂತು ಅಂದುಕೊಂಡು ಸೈನ್ಯ ಕಟ್ಟಿಕೊಳ್ಳುತ್ತದೆ. ಹಾಕುವುದು ಅರ್ಧ ಮಿಲಿಲೀಟರ್, ಅದೂ ತೋಳಿನ ಸ್ನಾಯುವಿಗೆ. ಅಂಡಾಶಯದ ಮೇಲಾಗಲಿ ಹಾರ್ಮೋನಿನ ಮೇಲಾಗಲಿ ಕೆಲಸ ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇದು ಬರೀ ತರ್ಕವಾಯಿತು, ಲೆಕ್ಕ ಎಲ್ಲಿ ಅಂತ ಕೇಳಬಹುದು. ಡೆನ್ಮಾರ್ಕಿನಲ್ಲಿ ಸುಮಾರು 10 ಲಕ್ಷ ಹುಡುಗಿಯರು ಮತ್ತು ಹೆಂಗಸರ ದಾಖಲೆ ತೆಗೆದು, ಲಸಿಕೆ ಪಡೆದವರಲ್ಲಿ ಅಂಡಾಶಯ ಬೇಗ ಕೆಲಸ ನಿಲ್ಲಿಸಿದ್ದು ಜಾಸ್ತಿಯಾ ಅಂತ ನೋಡಿದರು. ಜಾಸ್ತಿ ಇರಲಿಲ್ಲ. ನಿಜ ಹೇಳಬೇಕೆಂದರೆ ಮಾತು ತಿರುವುಮುರುವಾಗಬೇಕಿತ್ತು. ಗರ್ಭಕಂಠದಲ್ಲಿ ಕ್ಯಾನ್ಸರ್‌ಪೂರ್ವ ಬದಲಾವಣೆ ಕಂಡಾಗ ಆ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಹಾಗೆ ಮಾಡಿಸಿಕೊಂಡವರಲ್ಲಿ ಮುಂದೆ ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಾಧ್ಯತೆ ಜಾಸ್ತಿ. ಕ್ಯಾನ್ಸರ್ ಬಂದೇಬಿಟ್ಟರೆ ಎಷ್ಟೋ ಸಲ ಗರ್ಭಕೋಶವನ್ನೇ ತೆಗೆಯುತ್ತಾರೆ, ಇಲ್ಲವೇ ರೇಡಿಯೇಷನ್ ಕೊಡುತ್ತಾರೆ. ಮೊಮ್ಮಕ್ಕಳ ಆಸೆ ಇರುವ ಅಜ್ಜಿ ಈ ಲಸಿಕೆಯ ಪರವಾಗಿ ಮಾತಾಡಬೇಕು.

ಜಪಾನಿನಲ್ಲಿ ಆದದ್ದು ನೆನಪಿಡುವಂಥದ್ದು. 2013ರಲ್ಲಿ ಅಲ್ಲಿ ಲಸಿಕೆ ಪಡೆದ ಕೆಲವು ಹುಡುಗಿಯರಿಗೆ ಮೈಕೈ ನೋವು, ನಡುಕ ಬಂತು ಅಂತ ಟಿವಿಗಳಲ್ಲಿ ದೊಡ್ಡ ಸುದ್ದಿಯಾಯಿತು. ಸರ್ಕಾರ ಲಸಿಕೆಯನ್ನು ನಿಷೇಧಿಸಲಿಲ್ಲ, ಮನೆಮನೆಗೆ ಪತ್ರ ಬರೆದು ಹೇಳುವುದನ್ನು ನಿಲ್ಲಿಸಿತು. ಅಷ್ಟಕ್ಕೇ ಸುಮಾರು ಶೇ 70 ಇದ್ದ ಪ್ರಮಾಣ ಶೇ 1ಕ್ಕಿಂತ ಕೆಳಗೆ ಬಿತ್ತು. ಆಮೇಲೆ ನಗೋಯಾ ನಗರದಲ್ಲಿ ಸಾವಿರಾರು ಯುವತಿಯರನ್ನು ಕೇಳಿ, 24 ಬಗೆಯ ಲಕ್ಷಣಗಳನ್ನು ಹೋಲಿಸಿ ನೋಡಿದರು. ಲಸಿಕೆಗೂ ಅದಕ್ಕೂ ಸಂಬಂಧ ಸಿಗಲಿಲ್ಲ. ಸರ್ಕಾರ ಮತ್ತೆ ಶಿಫಾರಸು ಶುರು ಮಾಡಿದ್ದು 2022ರ ಏಪ್ರಿಲ್‌ನಲ್ಲಿ. ನಡುವಿನ ಸುಮಾರು ಒಂಬತ್ತು ವರ್ಷ ಬೆಳೆದ ಹುಡುಗಿಯರನ್ನು ಹುಡುಕಿ ಹುಡುಕಿ ಲಸಿಕೆ ಹಾಕಬೇಕಾಯಿತು. ಐರ್ಲೆಂಡಿನಲ್ಲೂ ಇದೇ ಕಥೆ, ಶೇ 87 ಇದ್ದದ್ದು ಎರಡೇ ವರ್ಷದಲ್ಲಿ ಶೇ 51ರ ಹತ್ತಿರಕ್ಕೆ ಬಂತು. ಅಲ್ಲಿ ಅದನ್ನು ಎತ್ತಿ ನಿಲ್ಲಿಸಿದವರಲ್ಲಿ ಲಾರಾ ಬ್ರೆನನ್ ಅನ್ನುವ ಯುವತಿಯೂ ಒಬ್ಬಳು. ತನಗೇ ಗರ್ಭಕಂಠದ ಕ್ಯಾನ್ಸರ್ ಬಂದು ಗುಣವಾಗುವುದಿಲ್ಲ ಅಂತ ಗೊತ್ತಾದ ಮೇಲೆ ಆರೋಗ್ಯ ಇಲಾಖೆಯವರಿಗೆ ಅವಳೇ ಬರೆದು, ಪೋಷಕರ ಜೊತೆ ಮಾತಾಡುವುದಕ್ಕೆ ಮುಂದೆ ಬಂದಳು. 2019ರಲ್ಲಿ, 26ನೇ ವಯಸ್ಸಿಗೆ ತೀರಿಕೊಂಡಳು. ಅಷ್ಟು ಹೊತ್ತಿಗೆ ಲಸಿಕೆಯ ಪ್ರಮಾಣ ಮತ್ತೆ ಏರತೊಡಗಿತ್ತು.

ಅಡ್ಡಪರಿಣಾಮವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯುತ್ತದೆ, ಕೆಂಪಾಗಬಹುದು. ಕೆಲವರಿಗೆ ತಲೆನೋವು, ಸಣ್ಣ ಜ್ವರ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸ್‌ಗೆ ಒಂದೆರಡರಷ್ಟು ಅಪರೂಪ. ಅದು ಆದರೂ ಮೊದಲ ಕೆಲವು ನಿಮಿಷಗಳಲ್ಲೇ ಗೊತ್ತಾಗುತ್ತದೆ, ಲಸಿಕೆ ಹಾಕುವವರ ಬಳಿ ಅದಕ್ಕೆ ಔಷಧ ಇಟ್ಟುಕೊಂಡಿರುತ್ತಾರೆ. ಇದಕ್ಕಿಂತ ಹೆಚ್ಚು ಕಾಣುವುದು ತಲೆಸುತ್ತು ಬಂದು ಬೀಳುವುದು. ಇದು ಲಸಿಕೆಯ ದೋಷವಲ್ಲ, ಹದಿಹರೆಯದವರಿಗೆ ಯಾವ ಸೂಜಿ ಚುಚ್ಚಿದರೂ ಆಗುವಂಥದ್ದು. ಸಾಲಿನಲ್ಲಿ ನಿಂತಿರುತ್ತಾರೆ, ಗಾಬರಿಗೆ ಬೆಳಗ್ಗೆ ಏನೂ ತಿಂದಿರುವುದಿಲ್ಲ, ಮುಂದಿನವಳು "ಅಯ್ಯೋ" ಅನ್ನುವುದು ಕೇಳಿಸುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಎದ್ದು ನಡೆಯುವಾಗ ಕುಸಿಯುತ್ತಾರೆ. ಒಬ್ಬಳು ಬಿದ್ದರೆ ಇನ್ನಿಬ್ಬರಿಗೆ ಕಣ್ಣು ಕತ್ತಲೆ ಬರುತ್ತದೆ. ಲಸಿಕೆಯಿಂದ ಆಗುವುದಕ್ಕಿಂತ ಬಿದ್ದು ತಲೆಗೆ ಪೆಟ್ಟಾಗುವುದೇ ದೊಡ್ಡ ತೊಂದರೆ. ಕೂರಿಸಿ ಅಥವಾ ಮಲಗಿಸಿ ಚುಚ್ಚಿಸಿ, ಆಮೇಲೆ 15 ನಿಮಿಷ ಅಲ್ಲೇ ಕೂತಿರಲಿ. ಹೊಟ್ಟೆಗೆ ಏನಾದರೂ ತಿನ್ನಿಸಿ ಕಳಿಸಿ. ತೋಳು ಸುಲಭವಾಗಿ ಮೇಲೇರುವ ಬಟ್ಟೆ ಹಾಕಿಕೊಳ್ಳಲಿ. ಎಲ್ಲರ ಎದುರು ಬಟ್ಟೆ ಸರಿಸಬೇಕಲ್ಲ ಅನ್ನುವ ಮುಜುಗರಕ್ಕೇ ಸಾಲಿನಿಂದ ಜಾರಿಕೊಳ್ಳುವ ಹುಡುಗಿಯರಿದ್ದಾರೆ.

ಸೂಜಿಗೆ ತುಂಬ ಹೆದರುವ ಮಗುವಾದರೆ ಶಾಲೆಯವರಿಗೆ ಮೊದಲೇ ಹೇಳಿ. ಬೇರೆಯಾಗಿ, ಕೊನೆಗೆ, ಗೆಳತಿಯ ಜೊತೆ ಹಾಕಿಸಬಹುದು, ಇಲ್ಲವೇ ಆರೋಗ್ಯ ಕೇಂದ್ರದಲ್ಲಿ ನಿಮ್ಮ ಜೊತೆ ಹಾಕಿಸಬಹುದು. "ನೋವೇ ಆಗಲ್ಲ" ಅಂತ ಸುಳ್ಳು ಹೇಳಬೇಡಿ. ಎರಡು ಡೋಸ್ ಇರುವ ಕಡೆ ಎರಡನೆಯದಕ್ಕೆ ಅವರು ಬರುವುದಿಲ್ಲ.

ಜ್ವರದ ವಿಷಯ ಹೇಳಿದಿರಿ. ಜೋರು ಜ್ವರ ಇದ್ದರೆ ಮುಂದೂಡುವುದು ಸರಿಯೇ. ಆದರೆ ನೆಗಡಿ, ಸಣ್ಣ ಕೆಮ್ಮು, ಮುಟ್ಟಿನ ದಿನಗಳು, ಇವು ಯಾವುವೂ ಲಸಿಕೆ ತಪ್ಪಿಸುವುದಕ್ಕೆ ಕಾರಣವಲ್ಲ. ಹಾಕಬಾರದು ಅಂತ ಇರುವುದು ಈ ಲಸಿಕೆಯ ಹಿಂದಿನ ಡೋಸ್‌ಗೆ ಅಥವಾ ಅದರಲ್ಲಿರುವ ವಸ್ತುವಿಗೆ ತೀವ್ರ ಅಲರ್ಜಿ ಆಗಿದ್ದವರಿಗೆ. ಗರ್ಭಿಣಿಯರಿಗೆ ಹೆರಿಗೆಯ ನಂತರ ಕೊಡುತ್ತಾರೆ.

ನಿಮ್ಮ ಅಕ್ಕನ ಮಗಳು ಮೊದಲಿಂದ ಶುರು ಮಾಡಬೇಕಾಗಿಲ್ಲ. ತೆಗೆದುಕೊಂಡ ಡೋಸ್ ಯಾವತ್ತೂ ಲೆಕ್ಕದಿಂದ ಹೋಗುವುದಿಲ್ಲ, ಮೂರು ವರ್ಷವಲ್ಲ, ಐದು ವರ್ಷ ಕಳೆದಿದ್ದರೂ. ಅವಳಿಗೆ ಇನ್ನೊಂದು ಬೇಕೇ ಬೇಡವೇ ಅನ್ನುವುದು ನಿಮ್ಮಲ್ಲಿ ಪಾಲಿಸುವ ನಿಯಮದ ಮೇಲೆ ನಿಂತಿದೆ. ಶುರುವಿನಲ್ಲಿ, ಅಂದರೆ 2006ರಲ್ಲಿ ಲಸಿಕೆ ಬಂದಾಗ ಎಲ್ಲರಿಗೂ ಮೂರು ಡೋಸ್. ಆಮೇಲೆ ಚಿಕ್ಕವರಿಗೆ ಎರಡು ಸಾಕು ಅಂತಾಯಿತು. 2022ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ 20 ವರ್ಷದವರೆಗೂ ಒಂದು ಅಥವಾ ಎರಡು ಡೋಸ್ ಕೊಡಬಹುದು ಅಂದಿತು. 21 ದಾಟಿದವರಿಗೆ ಆರು ತಿಂಗಳ ಅಂತರದಲ್ಲಿ ಎರಡು. ಇಂಗ್ಲೆಂಡ್, ಆಸ್ಟ್ರೇಲಿಯಾ ಎರಡೂ 2023ರಲ್ಲಿ ಒಂದೇ ಡೋಸ್‌ಗೆ ಬಂದವು.

ಒಂದೇ ಡೋಸ್ ಸಾಕಾಗಬಹುದು ಅನ್ನುವುದು ಗೊತ್ತಾದ ದಾರಿ ಸ್ವಾರಸ್ಯಕರವಾಗಿದೆ. 2009ರಲ್ಲಿ ಭಾರತದಲ್ಲಿ ಎರಡು ಡೋಸ್ ಮತ್ತು ಮೂರು ಡೋಸ್ ಹೋಲಿಸುವ ದೊಡ್ಡ ಅಧ್ಯಯನ ಶುರುವಾಗಿತ್ತು. 2010ರಲ್ಲಿ ಬೇರೊಂದು ವಿವಾದದಿಂದಾಗಿ ಎಲ್ಲ ಎಚ್‌ಪಿವಿ ಪ್ರಯೋಗಗಳಿಗೂ ಸರ್ಕಾರ ತಡೆ ಹಾಕಿತು. ಸಾವಿರಾರು ಹುಡುಗಿಯರು ಒಂದೇ ಡೋಸ್‌ಗೆ ನಿಂತರು. ಸಂಶೋಧಕರು ಅವರನ್ನು ಕೈಬಿಡದೆ ವರ್ಷಗಟ್ಟಲೆ ಗಮನಿಸಿದರು. ಹತ್ತು ವರ್ಷ ಕಳೆದರೂ 16 ಮತ್ತು 18ರ ಸೋಂಕು ಗಟ್ಟಿಯಾಗಿ ನೆಲೆಯೂರುವುದನ್ನು ಆ ಒಂದೇ ಡೋಸ್ ಎರಡು, ಮೂರು ಡೋಸ್‌ಗಳಷ್ಟೇ ಚೆನ್ನಾಗಿ ತಡೆದಿತ್ತು. ಕೆನ್ಯಾದಲ್ಲಿ 15ರಿಂದ 20ರ ಯುವತಿಯರ ಮೇಲೆ ನಡೆದ ಅಧ್ಯಯನವೂ ಒಂದೇ ಡೋಸ್‌ನ ಪರವಾಗಿಯೇ ಬಂತು.

ಹಾಗಾಗಿ ಅವಳು ಹಳೇ ಕಾರ್ಡ್ ಹಿಡಿದು ಹೋಗಿ ಕೇಳಲಿ. ಅಲ್ಲಿ ಒಂದೇ ಡೋಸ್ ನಿಯಮವಿದ್ದರೆ ಅವಳ ಕೆಲಸ ಮುಗಿದಿರಬಹುದು. ಎರಡು ಅಥವಾ ಮೂರು ಅಂದರೆ ಉಳಿದದ್ದನ್ನು ಮಾತ್ರ ಹಾಕಿಸಿಕೊಳ್ಳಲಿ. ಒಂದು ಎಚ್ಚರಿಕೆ ಇದೆ. ಎಚ್‌ಐವಿ ಇರುವವರು, ಅಂಗ ಕಸಿ ಆದವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುವವರು ಒಂದಕ್ಕೇ ನಿಲ್ಲಬಾರದು. ಅವರಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಬೇಕು.

ಇನ್ನು ಮಗನ ವಿಷಯ. ಹುಡುಗರಿಗೂ ಈ ವೈರಸ್ ತಗಲುತ್ತದೆ, ಅವರಿಂದ ಹರಡುತ್ತದೆ, ಅವರಿಗೂ ಕ್ಯಾನ್ಸರ್ ತರುತ್ತದೆ. ಗಂಟಲಿನ ಹಿಂಭಾಗ, ನಾಲಿಗೆಯ ಬುಡ, ಗುದದ್ವಾರ, ಶಿಶ್ನ, ಇಲ್ಲೆಲ್ಲ. ಅಮೆರಿಕದಲ್ಲಿ ಈಗ ಎಚ್‌ಪಿವಿಯಿಂದ ಬರುವ ಗಂಟಲಿನ ಕ್ಯಾನ್ಸರ್ ಗರ್ಭಕಂಠದ ಕ್ಯಾನ್ಸರ್‌ಗಿಂತ ಜಾಸ್ತಿ, ಅದು ಬರುವುದು ಹೆಚ್ಚಾಗಿ ಗಂಡಸರಿಗೆ. ಗರ್ಭಕಂಠಕ್ಕೆ ಇರುವ ಹಾಗೆ ಮೊದಲೇ ಪತ್ತೆ ಮಾಡುವ ಪರೀಕ್ಷೆ ಗಂಟಲಿಗೆ ಇಲ್ಲ. ಆಸ್ಟ್ರೇಲಿಯಾ 2013ರಿಂದ, ಬ್ರಿಟನ್ 2019ರಿಂದ ಹುಡುಗರಿಗೂ ಶಾಲೆಯಲ್ಲೇ ಕೊಡುತ್ತಿವೆ. ಆದರೂ ಲಸಿಕೆ ಸಾಕಷ್ಟು ಇಲ್ಲದ ಕಡೆ ಹುಡುಗಿಯರಿಗೆ ಮೊದಲು ಅನ್ನುವುದೇ ನ್ಯಾಯ, ನನ್ನ ಅಭಿಪ್ರಾಯವೂ ಅದೇ. ಹತ್ತರಲ್ಲಿ ಎಂಟು ಹುಡುಗಿಯರಿಗಿಂತ ಜಾಸ್ತಿ ಜನರಿಗೆ ಲಸಿಕೆ ಆದರೆ ಹುಡುಗರಿಗೂ ರಕ್ಷಣೆ ಸಿಗುತ್ತದೆ. ನಿಮಗೆ ಸಿಗುವಂತಿದ್ದರೆ, ನಿಭಾಯಿಸಲು ಆಗುವಂತಿದ್ದರೆ, 16ರ ಮಗನಿಗೂ ಹಾಕಿಸಿ.

ಮತ್ತೆ ತಪ್ಪದಂತೆ ಏನು ಮಾಡುವುದು? ಒಪ್ಪಿಗೆ ಪತ್ರ ಬಂದ ಸಂಜೆಯೇ ಸಹಿ ಹಾಕಿ ಬ್ಯಾಗಿಗೆ ಹಾಕಿ. ಯೋಚನೆ ಮಾಡಬೇಕೆನಿಸಿದರೆ ಪತ್ರವನ್ನು ಬದಿಗಿಡಬೇಡಿ, ಅದರಲ್ಲಿರುವ ನಂಬರಿಗೆ ಫೋನ್ ಮಾಡಿ ಅವತ್ತೇ ಕೇಳಿ. ಬದಿಗಿಟ್ಟ ಪತ್ರ ಅಲ್ಲೇ ಉಳಿಯುತ್ತದೆ. ಮಗು ಆ ದಿನ ಹೋಗದಿದ್ದರೆ ಮರುದಿನವೇ ಶಾಲೆಗೆ ಹೇಳಿ. ಬಿಟ್ಟುಹೋದವರಿಗಾಗಿ ಸಾಮಾನ್ಯವಾಗಿ ಇನ್ನೊಂದು ದಿನ ಇಟ್ಟುಕೊಂಡಿರುತ್ತಾರೆ, ಆ ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಖಚಿತ ಮಾಡಿಕೊಳ್ಳಿ. "ಗೈರು" ಮತ್ತು "ಪೋಷಕರ ಒಪ್ಪಿಗೆ ಇಲ್ಲ" ಎರಡೂ ಕೆಲವು ಕಡೆ ಒಂದೇ ಕಡೆ ಬರೆದಿರುತ್ತಾರೆ. ನೀವು ಒಪ್ಪಲಿಲ್ಲ ಅಂದುಕೊಂಡು ಅವರು ಸುಮ್ಮನಿರುತ್ತಾರೆ, ಅವರು ಕರೆಯುತ್ತಾರೆ ಅಂತ ನೀವು ಸುಮ್ಮನಿರುತ್ತೀರಿ.

ಹಾಕಿಸಿದ ಮೇಲೆ ಕಾರ್ಡಿನ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಮಗಳ ಫೋನಿನಲ್ಲೂ ಇಡಿ. ಲಸಿಕೆಯ ಹೆಸರು, ತಾರೀಖು ಕಾಣಬೇಕು. ಹತ್ತು ವರ್ಷದ ನಂತರ ಬೇರೆ ಊರಿನಲ್ಲಿ ಯಾವುದೋ ಡಾಕ್ಟರು ಕೇಳಿದಾಗ "ಅಮ್ಮನಿಗೆ ಗೊತ್ತು" ಅನ್ನುವ ಉತ್ತರ ಸಾಲದು.

ಮಗಳ ಹತ್ತಿರ ನೀವೇ ಮಾತಾಡಿ. ಉದ್ದ ಪಾಠ ಬೇಡ. "ಒಂದು ವೈರಸ್ ಇದೆ. ದೊಡ್ಡವರಾದ ಮೇಲೆ ಬಹಳ ಜನರಿಗೆ ತಗಲುತ್ತದೆ, ಕೆಲವರಿಗೆ ಕ್ಯಾನ್ಸರ್ ತರುತ್ತದೆ. ಈಗ ಇಂಜೆಕ್ಷನ್ ತೆಗೆದುಕೊಂಡರೆ ಅದು ಬರದಂತೆ ತಡೆಯಬಹುದು." ಇಷ್ಟು ಸಾಕು. ಹೇಗೆ ತಗಲುತ್ತದೆ ಅಂತ ಕೇಳಿದರೆ ನಿಜವನ್ನೇ ಹೇಳಿ. 14ರ ಹುಡುಗಿ ಗೆಳತಿಯರಿಂದ ಹೇಗೂ ಕೇಳಿರುತ್ತಾಳೆ, ಅಲ್ವಾ? ಲಸಿಕೆ ಯಾಕೆ ಅಂತ ಅವಳಿಗೇ ಗೊತ್ತಿದ್ದರೆ ತಪ್ಪಿದಾಗ "ನನ್ನದು ಬಾಕಿ ಇದೆ" ಅಂತ ಅವಳೇ ಹೇಳುತ್ತಾಳೆ.

ಶಾಲೆ ಬಿಟ್ಟ ಮಕ್ಕಳು, ಕೆಲಸಕ್ಕೆ ಹೋಗುವವರು, ಮನೆಯಲ್ಲೇ ಓದುವವರು, ಅಂಗವೈಕಲ್ಯ ಇರುವವರು, ಇವರ ಹೆಸರು ಎಷ್ಟೋ ಸಲ ಯಾವ ಶಾಲೆಯ ಪಟ್ಟಿಯಲ್ಲೂ ಇರುವುದಿಲ್ಲ. ದೊಡ್ಡವರಾದ ಮೇಲೆ ಗರ್ಭಕಂಠದ ಪರೀಕ್ಷೆಗೂ ಹೋಗುವುದಕ್ಕೆ ಕಷ್ಟವಾಗುವವರು ಇವರೇ, ಹಾಗಾಗಿ ಲಸಿಕೆ ಇವರಿಗೆ ಇನ್ನೂ ಮುಖ್ಯ. ಆದರೂ ಮೊದಲು ತಪ್ಪಿಹೋಗುವುದು ಇವರಿಗೇ. ನಿಮ್ಮ ಮನೆ ಸುತ್ತ ಅಂಥ ಹುಡುಗಿ ಇದ್ದರೆ, ಮಗಳನ್ನು ಕರೆದುಕೊಂಡು ಹೋಗುವ ದಿನ ಅವಳ ತಾಯಿಗೂ ಒಂದು ಮಾತು ಹೇಳಿ.

ನೀವು ನಿಮ್ಮ ಬಗ್ಗೆ ಏನೂ ಕೇಳಲಿಲ್ಲ. ನಿಮಗೆ 30 ದಾಟಿರುತ್ತದೆ. ಲಸಿಕೆಯ ಸುದ್ದಿಯಲ್ಲಿ ತಾಯಂದಿರು ತಮ್ಮ ಪರೀಕ್ಷೆಯನ್ನು ಮರೆಯುತ್ತಾರೆ. 30ರ ನಂತರ ಗರ್ಭಕಂಠದ ಎಚ್‌ಪಿವಿ ಪರೀಕ್ಷೆಯನ್ನು ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಬೇಕು. ಕೆಲವು ಕಡೆ ಮಾದರಿಯನ್ನು ನೀವೇ ತೆಗೆದುಕೊಡುವ ಅನುಕೂಲವೂ ಇದೆ. ಲಸಿಕೆ ಪಡೆದ ನಿಮ್ಮ ಮಗಳಿಗೂ ಮುಂದೆ ಈ ಪರೀಕ್ಷೆ ಬೇಕಾಗುತ್ತದೆ, ಯಾಕೆಂದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಅವಳ ಲಸಿಕೆಗೆ ತಾರೀಖು ಕೇಳುವಾಗ ನಿಮ್ಮ ಪರೀಕ್ಷೆಗೂ ಒಂದು ತಾರೀಖು ಕೇಳಿ ಬನ್ನಿ.